ರೊಟ್ಟಿ ಎಣಿಸಿ ಜಾಹೀರಾತು ಕೊಡಿ

ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇತ್ತು. ಬೆಳಿಗ್ಗೆ ಆಫೀಸಿನ ಮೀಟಿಂಗ್‌ನಲ್ಲಿ ಕೂತಿದ್ದಾಗ ಹುಬ್ಬಳ್ಳಿಯಿಂದ ಚಿಗವ್ವನ ಫೋನ್ ಬಂತು. ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಮೂರನೇ ಸಲ ಬಂದಾಗ ಗಾಬರಿಯಾಗಿ ಎದ್ದು ಹೊರಗೆ ಹೋದೆ.

“ತಮ್ಮಾ, ಮೊದಲ ಆ ನಿನ್ನ ಜಾಹೀರಾತು ಬಂದ್ ಮಾಡಪಾ.”

“ಯಾಕ ಚಿಗವ್ವಾ, ಆರ್ಡರ್ ಬರಾಕತ್ತಿಲ್ಲೇನು?”

“ಬರಾಕತ್ತಾವು. ಅದ ತ್ರಾಸ ಆಗೇತಿ.”

ಚಿಗವ್ವ ಅಂದರೆ ನನ್ನ ತಾಯಿಯ ತಂಗಿ. ಹುಬ್ಬಳ್ಳಿಯ ವಿದ್ಯಾನಗರದ ಕಡೆ ಮನೆಯ ಮುಂದಿನ ಕೋಣೆಯಲ್ಲೇ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಖಡಕ್ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹೇಳಿದರೆ ಶೇಂಗಾ ಹೋಳಿಗೆ. ಅವಳನ್ನೂ ಸೇರಿಸಿ ನಾಲ್ಕು ಜನ ಹೆಂಗಸರು ರೊಟ್ಟಿ ಬಡಿಯುತ್ತಾರೆ. ದಿನಕ್ಕೆ 600 ರೊಟ್ಟಿ ಆದರೆ ಅದು ಒಳ್ಳೆಯ ದಿನ.

ಈ ಅಂಕಣದಲ್ಲಿ ಸಾಮಾನ್ಯವಾಗಿ ಯಾವ ಆ್ಯಪ್ ಹೇಗೆ ಬಳಸಬೇಕು ಅಂತ ನಿಮಗೆ ಹೇಳುತ್ತಿರುತ್ತೇನೆ. ಈ ಸಲ ನಾನೇ ಹೇಗೆ ಬಳಸಬಾರದಿತ್ತು ಅನ್ನುವುದನ್ನು ಹೇಳಬೇಕು. ನಿಮ್ಮ ಮನೆಯಲ್ಲೂ ಒಬ್ಬ ಕಾಕಾ, ಒಬ್ಬ ಅತ್ತೆ, ಒಬ್ಬ ಗೆಳೆಯ ಸಣ್ಣ ಅಂಗಡಿ ಇಟ್ಟಿರಬಹುದು. “ನೀನು ಸಾಫ್ಟ್‌ವೇರ್‌ನಾಗ ಇದೀ, ಫೋನ್‌ನಾಗ ನಮ್ಮದೊಂದು ಜಾಹೀರಾತು ಹಾಕಿ ಕೊಡು” ಅಂತ ನಿಮಗೂ ಹೇಳಿರಬಹುದು.

ನಾನು ಮಾಡಿದ್ದೇನು

ರೊಟ್ಟಿ ಬಡಿಯುವ ಒಂದು ವಿಡಿಯೊ ಮಾಡಿದೆ. ಹಿಟ್ಟಿನ ಮೇಲೆ ಬೀಳುವ ಅಂಗೈ ಸದ್ದು, ಹಂಚಿನ ಮೇಲೆ ಉಬ್ಬುವ ರೊಟ್ಟಿ. ಚೆನ್ನಾಗಿಯೇ ಬಂದಿತ್ತು. ಅದನ್ನು ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್‌ನಲ್ಲಿ ಜಾಹೀರಾತಾಗಿ ಹಾಕಿದೆ. ದಿನಕ್ಕೆ 500 ರೂಪಾಯಿಯಂತೆ 10 ದಿನ. ಊರು ಯಾವುದು ಅಂತ ಕೇಳಿದಾಗ “ಕರ್ನಾಟಕ” ಅಂತ ಒತ್ತಿದೆ. ಬೆಂಗಳೂರಿನಲ್ಲಿ ನಮ್ಮ ಕಡೆಯವರು ಎಷ್ಟೊಂದು ಜನ ರೊಟ್ಟಿಗಾಗಿ ಒದ್ದಾಡುತ್ತಾರೆ ಅನ್ನುವುದು ನನ್ನ ತರ್ಕ. ಉದ್ದೇಶ ಯಾವುದು ಅಂತ ಕೇಳಿದ ಕಡೆ ಲೈಕು, ಕಮೆಂಟು ಹೆಚ್ಚಿಸುವ ಆಯ್ಕೆ ಒತ್ತಿದೆ.

ಆ ವ್ಯವಸ್ಥೆ ನಾವು ಕೇಳಿದ್ದನ್ನೇ ಕೊಡುತ್ತದೆ. ಲೈಕು ಬೇಕು ಅಂದರೆ ಲೈಕು ಒತ್ತುವ ಅಭ್ಯಾಸ ಇರುವವರಿಗೆ ತೋರಿಸುತ್ತದೆ. ರೊಟ್ಟಿ ಕೊಳ್ಳುವವರು ಬೇಕು ಅಂತ ನಾನು ಹೇಳಿರಲೇ ಇಲ್ಲ. ಹಾರ್ಟುಗಳು ಬಂದವು, “ವಾವ್” ಬಂತು, “ಅಜ್ಜಿ ನೆನಪಾದ್ರು” ಬಂತು. ನಾನು ಸ್ಕ್ರೀನ್‌ಶಾಟ್ ತೆಗೆದು ಮನೆಯ ಗ್ರೂಪಿಗೆ ಹಾಕಿ ಬೀಗಿದೆ.

ಜೊತೆಗೆ ಬೆಂಗಳೂರು, ಮೈಸೂರು, ಮಂಗಳೂರಿನಿಂದ ಆರ್ಡರೂ ಬಂದವು. ಚಿಗವ್ವ ಒಲ್ಲೆ ಅನ್ನಲಿಲ್ಲ. ಕೊರಿಯರ್ ಮಾಡಿದಳು. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ, ನಿಜ. ಆದರೆ ಒಂದು ಚೀಲದಿಂದ ಇನ್ನೊಂದು ಚೀಲಕ್ಕೆ ಎಸೆದರೆ ಚೂರಾಗುತ್ತದೆ. ಡಬ್ಬಿ ತೆಗೆದವರಿಗೆ ಸಿಕ್ಕಿದ್ದು ರೊಟ್ಟಿಯ ಪುಡಿ. ಅದರ ಫೋಟೊ ಬಂತು, ದುಡ್ಡು ವಾಪಸ್ ಕೇಳುವ ಮೆಸೇಜು ಬಂತು. ಚಿಗವ್ವ ಒಂದೂ ಮಾತಾಡದೆ ಎಲ್ಲರಿಗೂ ವಾಪಸ್ ಕೊಟ್ಟಳು.

ಇನ್ನೊಂದು ಕಡೆ, ಸಂಕ್ರಾಂತಿಯ ವಾರ. ಊರಿನವರೇ ಸಜ್ಜಿ ರೊಟ್ಟಿಗೆ ಸಾಲು ನಿಲ್ಲುವ ಹೊತ್ತು. ಇದ್ದ ರೊಟ್ಟಿಯೆಲ್ಲ ಪಾರ್ಸೆಲ್ ಡಬ್ಬಿ ಸೇರಿದ್ದರಿಂದ ಎದುರಿಗೆ ಬಂದು ನಿಂತವರಿಗೆ “ಮುಗದಾವ್ರಿ” ಅನ್ನಬೇಕಾಯಿತು.

ಚಿಗವ್ವನ ಲೆಕ್ಕ

ಹಬ್ಬಕ್ಕೆ ಊರಿಗೆ ಹೋದಾಗ ಅವಳು ನನಗೆ ಬೈಯಲಿಲ್ಲ. ಊಟಕ್ಕೆ ಹಾಕಿ, ಎಣ್ಣೆಗಾಯಿ ಬಡಿಸಿ, ಪಕ್ಕದಲ್ಲಿ ಕೂತು ಕೇಳಿದಳು.

“ಎಷ್ಟ ಖರ್ಚ ಆತು?”

“ಐದು ಸಾವಿರ. ಅದರ ಮ್ಯಾಲ 18% ಜಿಎಸ್‌ಟಿ. ಒಟ್ಟ 5,900.”

“ಒಂದು ರೊಟ್ಟಿಗೆ ಹತ್ತು ರೂಪಾಯಿ ತಗೋತೇನಿ. ಜ್ವಾಳ, ಗ್ಯಾಸು, ಹೆಣ್ಮಕ್ಕಳ ಪಗಾರ ಎಲ್ಲಾ ಹೋಗಿ ನನಗ ಉಳಿಯೂದು ಎರಡು. ಹಂಗಾರ ಎಷ್ಟ ರೊಟ್ಟಿ ಬಡದಂಗಾತು?”

2,950. ನಾಲ್ಕು ಜನರ ಐದು ದಿನದ ದುಡಿಮೆ. ಕೊರಿಯರ್ ಖರ್ಚು, ವಾಪಸ್ ಕೊಟ್ಟ ಹಣ ಬೇರೆ. ಎಂಜಿನಿಯರಿಂಗ್ ಓದಿದ ನನಗೆ ಈ ಗುಣಾಕಾರ ಜಾಹೀರಾತು ಕೊಡುವ ಮುಂಚೆ ಹೊಳೆಯಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಅವಳಿಗೆ ಬಾಯಲ್ಲೇ ಬಂತು.

ಆದರೆ ಅವಳಿಗೆ ಬೇಜಾರಾಗಿದ್ದು ದುಡ್ಡಿಗೆ ಅಲ್ಲ. “ಆ ಬ್ಯಾಂಕಿನ ಕಾಕಾರು ಬಂದಿದ್ದರು. ಎಂಟು ವರ್ಷದಿಂದ ಪ್ರತಿ ಶನಿವಾರ 50 ರೊಟ್ಟಿ ಒಯ್ತಾರ. ಹಬ್ಬದ ವಾರದಾಗ ಬರಿಗೈಲೆ ಕಳಿಸಿದೆ. ಒಂದ ಮಾತ ಅನ್ನಲಿಲ್ಲ, ಚೀಲಾ ಮಡಚಿಕೊಂಡು ಹೋದರು.”

“ಫೋನ್ ಮಾಡಿ ಹೇಳಬೇಕಿಲ್ಲೋ ಚಿಗವ್ವಾ.”

“ಅವರ ನಂಬರ್ ಎಲ್ಲೈತಿ ನನ್ನ ಕಡೆ?”

ನನಗೆ ತುತ್ತು ಗಂಟಲಲ್ಲೇ ನಿಂತಿತು. ಮಂಗಳೂರಿನ ಅಪರಿಚಿತರನ್ನು ತಲುಪಲು ದುಡ್ಡು ಸುರಿದಿದ್ದೆವು. ಎಂಟು ವರ್ಷದ ಗಿರಾಕಿಯನ್ನು ತಲುಪಲು ನಮ್ಮ ಬಳಿ ಹತ್ತು ಅಂಕಿ ಇರಲಿಲ್ಲ. ಮುಂದಿನ ಶನಿವಾರ ಕಾಕಾ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

ಮೊದಲು ದುಡ್ಡಿಲ್ಲದ ದಾರಿ

ನಾನು ಎರಡು ದಿನ ರಜೆ ಹೆಚ್ಚಿಗೆ ಹಾಕಿ ಕೌಂಟರಿನಲ್ಲಿ ಕೂತೆ. ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳಿದೆ: “ನಮ್ಮ ಅಂಗಡಿ ನಿಮಗ ಹೆಂಗ ಗೊತ್ತಾತ್ರೀ?” ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತ ಹೋದೆ. ಪಕ್ಕದ ಮನೆಯವರು ಹೇಳಿದ್ದು, ಯಾರದೋ ಮನೆಯಲ್ಲಿ ಊಟ ಮಾಡಿದಾಗ ಕೇಳಿದ್ದು, ಈ ರಸ್ತೆಯಲ್ಲಿ ಹೋಗುವಾಗ ಬೋರ್ಡು ನೋಡಿದ್ದು, ಫೋನಿನಲ್ಲಿ ಮ್ಯಾಪ್ ಹುಡುಕಿದ್ದು. ವಿಡಿಯೊ ನೋಡಿ ಬಂದೆ ಅಂದವರು ಆ ಎರಡು ದಿನದಲ್ಲಿ ಒಬ್ಬರೂ ಇರಲಿಲ್ಲ. ಆ ನೋಟ್‌ಬುಕ್ ನೋಡಿಕೊಂಡೇ ಮುಂದಿನ ಕೆಲಸ ಮಾಡಿದೆವು.

ಮೊದಲನೆಯದು ಗೂಗಲ್ ಮ್ಯಾಪ್. ತಮಾಷೆ ಏನೆಂದರೆ ಅಂಗಡಿ ಅಲ್ಲಿ ಆಗಲೇ ಇತ್ತು, ಯಾರೋ ಗಿರಾಕಿ ಸೇರಿಸಿದ್ದರು. ಫೋನ್ ನಂಬರ್ ಇರಲಿಲ್ಲ, ಸಮಯ ತಪ್ಪಿತ್ತು. ಮಧ್ಯಾಹ್ನ ಮೂರಕ್ಕೆ ಹುಡುಕಿದರೆ “ಮುಚ್ಚಿದೆ” ಅಂತ ತೋರಿಸುತ್ತಿತ್ತು, ಒಳಗೆ ನಾಲ್ಕು ಜನ ರೊಟ್ಟಿ ಬಡಿಯುತ್ತಿದ್ದರು! ಅಂಗಡಿ ನಮ್ಮದೇ ಅಂತ ಹೇಳಿ, ಗೂಗಲ್ ಕೇಳಿದ ಪರಿಶೀಲನೆ ಮುಗಿಸಿ ಸರಿ ಮಾಡಿದೆವು. ಇದಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಅನ್ನುತ್ತಾರೆ. 2021ರವರೆಗೆ ಗೂಗಲ್ ಮೈ ಬಿಸಿನೆಸ್ ಅಂತಿತ್ತು. ಪೂರ್ತಿ ಉಚಿತ.

ಹತ್ತಿರದ ಅಂಗಡಿ ಹುಡುಕಿದಾಗ ಯಾರನ್ನು ಮೇಲೆ ತೋರಿಸಬೇಕು ಅನ್ನುವುದಕ್ಕೆ ಗೂಗಲ್ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ: ಹುಡುಕಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಇರುವ ಹೊಂದಿಕೆ, ದೂರ, ಮತ್ತು ನಿಮ್ಮ ಅಂಗಡಿ ಎಷ್ಟು ಹೆಸರುವಾಸಿ ಎಂಬುದು. ದೂರ ನಮ್ಮ ಕೈಯಲ್ಲಿಲ್ಲ. ಉಳಿದ ಎರಡಕ್ಕೆ ಸರಿಯಾದ ವರ್ಗ, ನಿಜವಾದ ಫೋಟೊ, ಹಬ್ಬದ ರಜೆಯ ಸಮಯ, ಗಿರಾಕಿಗಳ ರಿವ್ಯೂ ನೆರವಾಗುತ್ತವೆ. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರನ್ನೇ ಬರೆಯಿರಿ, “ಹುಬ್ಬಳ್ಳಿಯ ನಂಬರ್ ಒನ್ ಬೆಸ್ಟ್ ರೊಟ್ಟಿ” ಅಂತ ತುರುಕಬೇಡಿ. ರಿವ್ಯೂ ಬರೆದರೆ ಎರಡು ರೊಟ್ಟಿ ಪುಕ್ಕಟೆ ಅನ್ನುವುದೂ ನಿಯಮಕ್ಕೆ ವಿರುದ್ಧ. ಕೌಂಟರಿನ ಮೇಲೆ ರಿವ್ಯೂ ಬರೆಯುವ ಲಿಂಕಿನ ಕ್ಯೂಆರ್ ಕೋಡ್ ಇಟ್ಟು, “ಹೆಂಗಿದ್ದುವು ಬರೀರಿ” ಅಂದರೆ ಸಾಕು.

ಎರಡನೆಯದು ವಾಟ್ಸ್ಯಾಪ್ ಬಿಸಿನೆಸ್. 2018ರ ಜನವರಿಯಲ್ಲಿ ಭಾರತಕ್ಕೆ ಬಂದ ಆ್ಯಪ್ ಇದು, ಉಚಿತ. ಮನೆಯ ನಂಬರ್ ಬೇರೆ, ಅಂಗಡಿಯ ನಂಬರ್ ಬೇರೆ ಮಾಡಿದೆವು. ಕ್ಯಾಟಲಾಗ್‌ನಲ್ಲಿ ಆರು ಪದಾರ್ಥ, ಫೋಟೊ, ಬೆಲೆ. “ರೇಟ್ ಎಷ್ಟು?” ಅಂತ ದಿನಕ್ಕೆ ಮೂವತ್ತು ಸಲ ಟೈಪ್ ಮಾಡುವುದು ತಪ್ಪಿತು. ರಾತ್ರಿ ಬಂದ ಮೆಸೇಜಿಗೆ “ಮುಂಜಾನೆ 8ಕ್ಕೆ ಉತ್ತರ ಕೊಡ್ತೇವಿ” ಅಂತ ತಾನೇ ಹೋಗುವ ಉತ್ತರ ಇಟ್ಟೆವು. ಚಿಗವ್ವನಿಗೆ ಬಹಳ ಹಿಡಿಸಿದ್ದು ಲೇಬಲ್. “ದುಡ್ಡ ಬರಬೇಕು”, “ಶನಿವಾರದವರು”, “ಮದುವಿ ಆರ್ಡರ್” ಅಂತ ಗಿರಾಕಿಗಳಿಗೆ ಬಣ್ಣದ ಚೀಟಿ ಹಚ್ಚಿದ್ದಾಳೆ.

ಒಂದು ಸೂಕ್ಷ್ಮ ಇದೆ. ವಾಟ್ಸ್ಯಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಒಂದೇ ಮೆಸೇಜನ್ನು 256 ಜನರಿಗೆ ಬೇರೆ ಬೇರೆಯಾಗಿ ಕಳಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಸ್ಟೇಟಸ್ ಕೂಡ ಹಾಗೆಯೇ, ಇಬ್ಬರ ಫೋನಿನಲ್ಲೂ ಇಬ್ಬರ ನಂಬರ್ ಇರಬೇಕು. ಅದಕ್ಕೇ ಪ್ಯಾಕೆಟ್ಟಿನ ಚೀಟಿಯ ಮೇಲೆ ಒಂದು ಸಾಲು ಸೇರಿಸಿದೆವು: “ನಂಬರ್ ಸೇವ್ ಮಾಡ್ಕೊಳ್ರಿ, ಬಿಸಿ ರೊಟ್ಟಿ ಆದ ಕೂಡ್ಲೆ ಹೇಳ್ತೇವಿ.” ಒಂದು ಚೀಟಿಗೆ ಕೆಲವೇ ಪೈಸೆ ಖರ್ಚು. ಅಡುಗೆಮನೆಯ ಡಬ್ಬಿಯ ಮೇಲೆ ತಿಂಗಳುಗಟ್ಟಲೆ ಇರುತ್ತದೆ.

ವಾರಕ್ಕೆ ಒಂದೇ ಬ್ರಾಡ್‌ಕಾಸ್ಟ್ ಅನ್ನುವುದು ಚಿಗವ್ವನೇ ಹಾಕಿಕೊಂಡ ನಿಯಮ. “ದಿನಾ ಕಳಿಸಿದರ ನಾನ ಬ್ಲಾಕ್ ಮಾಡ್ತೇನಿ” ಅಂದಳು. ಸರಿಯೇ ಇದೆ. ನಮ್ಮ ನಿಮ್ಮ ಫೋನಿಗೆ ಬರುವ ಗುಡ್ ಮಾರ್ನಿಂಗ್‌ಗಳೇ ಸಾಕಾಗಿವೆ.

ನಂಬರ್ ಮಾರುವವರು

ಈ ನಡುವೆ ಒಬ್ಬ ಏಜೆಂಟ್ ಫೋನ್ ಮಾಡಿದ. ಹುಬ್ಬಳ್ಳಿ-ಧಾರವಾಡದ ಐವತ್ತು ಸಾವಿರ ನಂಬರ್ ಇವೆ, ಎಲ್ಲರಿಗೂ ಎಸ್ಸೆಮ್ಮೆಸ್ ಕಳಿಸಿಕೊಡುತ್ತೇನೆ ಅಂದ. ಕೇಳಿದ ದುಡ್ಡು ತೀರ ಕಡಿಮೆ. ಚಿಗವ್ವನಿಗೆ ಆಸೆಯಾಯಿತು. ನಾನು ಬೇಡ ಅಂದೆ. ಕಾರಣ ಎರಡು.

ಒಂದು, ಕಾನೂನು. ಟ್ರಾಯ್ 2018ರಲ್ಲಿ ತಂದ ನಿಯಮಗಳ ಪ್ರಕಾರ ಜಾಹೀರಾತಿನ ಎಸ್ಸೆಮ್ಮೆಸ್ ಕಳಿಸುವ ವ್ಯಾಪಾರ ಮೊಬೈಲ್ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಣಿ ಆಗಬೇಕು. ಕಳಿಸುವವರ ಹೆಸರು, ಮೆಸೇಜಿನ ಒಕ್ಕಣೆ ಎರಡಕ್ಕೂ ಮೊದಲೇ ಒಪ್ಪಿಗೆ ಬೇಕು. ಜಾಹೀರಾತಿನ ಮೆಸೇಜು ಬೇಡ ಅಂತ 1909ರಲ್ಲಿ ನೋಂದಾಯಿಸಿದವರಿಗೆ ಕಳಿಸುವಂತಿಲ್ಲ. ಸಾಮಾನ್ಯ ಹತ್ತು ಅಂಕಿಯ ನಂಬರಿನಿಂದ ಹೀಗೆ ಕಳಿಸಿ ದೂರು ಬಂದರೆ ಆ ನಂಬರೇ ಬಂದ್ ಆಗಬಹುದು. ಪ್ಯಾಕೆಟ್ಟಿನ ಮೇಲೆ, ಬೋರ್ಡಿನ ಮೇಲೆ, ನೂರಾರು ಅಡುಗೆಮನೆಗಳಲ್ಲಿ ಇರುವ ನಂಬರ್ ಅದು. ಅದು ಹೋದರೆ ಅಂಗಡಿ ಅರ್ಧ ಮುಚ್ಚಿದ ಹಾಗೆ. ಮೇಲಾಗಿ ಆ ಐವತ್ತು ಸಾವಿರ ಜನರಲ್ಲಿ ಯಾರೂ ತಮ್ಮ ನಂಬರನ್ನು ಚಿಗವ್ವನಿಗೆ ಕೊಟ್ಟಿರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ ಒಪ್ಪಿಗೆ.

ಎರಡನೆಯದು ಕನ್ನಡದ ಲೆಕ್ಕ. ಒಂದು ಎಸ್ಸೆಮ್ಮೆಸ್‌ನಲ್ಲಿ ಇರುವುದು 140 ಬೈಟ್ ಜಾಗ. ಇಂಗ್ಲಿಷಿನಲ್ಲಾದರೆ ಅದರಲ್ಲಿ 160 ಅಕ್ಷರ ಹಿಡಿಸುತ್ತವೆ. ಕನ್ನಡದಲ್ಲಿ 70 ಮಾತ್ರ, ಅದರಲ್ಲೂ ಒತ್ತಕ್ಷರ, ಕಾಗುಣಿತಗಳು ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. “ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ದೊರೆಯುತ್ತವೆ” ಅನ್ನುವಷ್ಟರಲ್ಲೇ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ. ವಿಳಾಸ, ನಂಬರ್ ಸೇರಿಸಿದರೆ ಒಂದು ಮೆಸೇಜಿಗೆ ಎರಡು ಮೆಸೇಜಿನ ದುಡ್ಡು. ದೊಡ್ಡ ಅಂಗಡಿಗಳಿಗೆ, ನೋಂದಣಿ ಮಾಡಿಸಿಕೊಂಡು ತಮ್ಮದೇ ಗಿರಾಕಿಗಳಿಗೆ ಕಳಿಸುವವರಿಗೆ ಎಸ್ಸೆಮ್ಮೆಸ್ ಇಂದಿಗೂ ಉಪಯುಕ್ತ, ಇಂಟರ್ನೆಟ್ ಇಲ್ಲದ ಫೋನಿಗೂ ಹೋಗುತ್ತದೆ. ನಾಲ್ಕು ಹಂಚಿನ ರೊಟ್ಟಿ ಕೇಂದ್ರಕ್ಕೆ ಅದು ಹೊರೆ.

ದುಡ್ಡು ಕೊಟ್ಟರೆ ಹೀಗೆ ಕೊಡಿ

ಹಾಗಾದರೆ ದುಡ್ಡು ಕೊಡುವ ಜಾಹೀರಾತು ಬೇಡವೇ ಬೇಡವೇ? ಬೇಕು. ಆದರೆ ನಿಮ್ಮನ್ನು ತಿಳಿಯದ ಹೊಸಬರು ನಿಮ್ಮ ಓಣಿಗೆ ಬಂದಾಗ, ನಿಮ್ಮ ಬಳಿ ಮಿಕ್ಕ ಸರಕು ಇದ್ದಾಗ. ವಿದ್ಯಾನಗರದಲ್ಲಿ ಕಾಲೇಜು ಶುರುವಾಗುವ ದಿನಗಳು ಅಂಥವು. ಹಾಸ್ಟೆಲ್ಲು, ಪೀಜಿ, ಬಾಡಿಗೆ ರೂಮುಗಳು ತುಂಬುತ್ತವೆ. ಊಟದ ಡಬ್ಬಿಗೆ ನಾಲ್ಕು ರೊಟ್ಟಿ, ಒಂದು ಚಟ್ನಿ ಪುಡಿ ಬೇಕಾದ ಹುಡುಗ ಹುಡುಗಿಯರು ಬರುತ್ತಾರೆ.

ಆಗ ಎರಡನೇ ಸಲ ಜಾಹೀರಾತು ಹಾಕಿದೆ, ಈ ಸಲ ಚಿಗವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮ್ಯಾಪಿನಲ್ಲಿ ಅಂಗಡಿಯ ಮೇಲೆ ಪಿನ್ ಇಟ್ಟು, ಸುತ್ತ 5 ಕಿಲೋಮೀಟರ್ ಅಂತ ಗೆರೆ ಹಾಕಿದೆ. ಉದ್ದೇಶ ಲೈಕು ಅಲ್ಲ, ವಾಟ್ಸ್ಯಾಪ್ ಮೆಸೇಜು. ಜಾಹೀರಾತು ಒತ್ತಿದರೆ ನೇರ ಅಂಗಡಿಯ ಚಾಟ್ ತೆರೆಯುತ್ತದೆ. ವಿಡಿಯೊದ ಮೊದಲ ಸಾಲಿನಲ್ಲೇ ಬೆಲೆ, ಓಣಿಯ ಗುರುತು, ಸಮಯ. ಕೊರಿಯರ್ ಇಲ್ಲ ಅನ್ನುವುದೂ ಅಲ್ಲೇ. ದಿನಕ್ಕೆ 150 ರೂಪಾಯಿ, ನಾಲ್ಕೇ ದಿನ.

ಖರ್ಚು 600, ಜಿಎಸ್‌ಟಿ ಸೇರಿ 708. ನೋಟ್‌ಬುಕ್ಕಿನ ಪ್ರಕಾರ ಅದನ್ನು ನೋಡಿ ಅಂಗಡಿಗೆ ಬಂದ ಹೊಸಬರು ಒಂಬತ್ತು ಜನ. ತಲಾ 20 ರೊಟ್ಟಿ ಒಯ್ದರು ಅಂತ ಹಿಡಿದರೆ ಉಳಿದಿದ್ದು 360. ಅಂದರೆ ಮೊದಲ ಸುತ್ತಿನಲ್ಲಿ 348 ರೂಪಾಯಿ ನಷ್ಟವೇ. ಆದರೆ ಒಂಬತ್ತರಲ್ಲಿ ಐದು ಜನ ಮತ್ತೆ ಬಂದರು. ಆ ಐವರು ಎರಡು ಸಲ ಬಂದರೆ ಖರ್ಚು ಹುಟ್ಟಿತು, ಮೂರನೇ ಸಲದಿಂದ ಲಾಭ. ಯಾವ ಜಾಹೀರಾತನ್ನಾದರೂ ನೀವು ಹೀಗೇ ಅಳೆಯಬೇಕು. ಎಷ್ಟು ಜನ ನೋಡಿದರು ಅನ್ನುವುದನ್ನು ಆ್ಯಪ್ ಹೇಳುತ್ತದೆ, ಎಷ್ಟು ಜನ ಮರಳಿ ಬಂದರು ಅನ್ನುವುದನ್ನು ನಿಮ್ಮ ನೋಟ್‌ಬುಕ್ಕೇ ಹೇಳಬೇಕು.

ಈಗ ಜಾಹೀರಾತು ನಿಲ್ಲಿಸುವುದನ್ನೂ ಚಿಗವ್ವನಿಗೆ ಕಲಿಸಿದ್ದೇನೆ. “ನಾಕರೊಳಗ ರೊಟ್ಟಿ ಮುಗದರ ಜಾಹೀರಾತ ಬಂದ್” ಅನ್ನುತ್ತಾಳೆ. ಸರ್ವರ್‌ಗೆ ತಡೆಯಲಾಗದಷ್ಟು ಲೋಡ್ ಬಿದ್ದರೆ ಏನಾಗುತ್ತದೆ ಅಂತ ಆಫೀಸಿನಲ್ಲಿ ದಿನವೂ ನೋಡುವವನು ನಾನು. ನಾಲ್ಕು ಜೊತೆ ಕೈಗಳಿಗೂ ಅದೇ ಮಿತಿ ಇದೆ ಅನ್ನುವುದು ತಿಳಿಯಲು ಒಂದು ಸಂಕ್ರಾಂತಿ ಬೇಕಾಯಿತು. ಹಾಗಾಗಿ ಯಾರಾದರೂ ನಿಮ್ಮ ಬಳಿ ಬಂದು ಜಾಹೀರಾತು ಹಾಕಿಕೊಡು ಅಂದರೆ, ಫೋನ್ ತೆಗೆಯುವ ಮೊದಲು ಮೂರು ಪ್ರಶ್ನೆ ಕೇಳಿ. ದಿನಕ್ಕೆ ಎಷ್ಟು ಮಾಡಬಲ್ಲಿರಿ? ಒಂದಕ್ಕೆ ಎಷ್ಟು ಉಳಿಯುತ್ತದೆ? ಈಗಿರುವ ಗಿರಾಕಿಗಳ ನಂಬರ್ ಇದೆಯೇ?

ಬ್ಯಾಂಕಿನ ಕಾಕಾರ ಕಥೆ ಹೇಳದೆ ಮುಗಿಸುವಂತಿಲ್ಲ. ಅವರ ಓಣಿಯ ಇನ್ನೊಬ್ಬ ಗಿರಾಕಿಯನ್ನು ಕೇಳಿ ಚಿಗವ್ವ ನಂಬರ್ ಹುಡುಕಿಸಿದಳು. ನಾನು ಉತ್ಸಾಹದಿಂದ ಬ್ರಾಡ್‌ಕಾಸ್ಟ್ ಪಟ್ಟಿಗೆ ಸೇರಿಸಲು ಹೋದರೆ ಅವರಿಗೆ ವಾಟ್ಸ್ಯಾಪ್ಪೇ ಇಲ್ಲ, ಬಟನ್ ಫೋನು. ಕೊನೆಗೆ ಚಿಗವ್ವನೇ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು.

“ಕಾಕಾರ, ಹಬ್ಬದಾಗ ತಪ್ಪಾತ್ರೀ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಲ್ಲವಾ, ನೀ ದೊಡ್ಡಾಕಿ ಆದಿ, ಇನ್ನ ನಮ್ಮ 50 ರೊಟ್ಟಿ ನಿನಗ ಯಾಕ ಅಂತ ಬರಲಿಲ್ಲ” ಅಂದರು.

ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈಗ ಪ್ರತಿ ಶುಕ್ರವಾರ ಸಂಜೆ ಅವಳದೊಂದು ಫೋನ್ ಹೋಗುತ್ತದೆ: “ನಾಳಿಗೆ 50 ತಗದಿಡ್ಲೇನ್ರಿ ಕಾಕಾರ?” ಅವರು ಹೂಂ ಅನ್ನುತ್ತಾರೆ. ಕಳೆದ ವಾರ 70 ಬೇಕು ಅಂದರಂತೆ, ಮಗಳು ಬಂದಿದ್ದಾಳಂತೆ.